ಮೂರು ದಿನ, ಮೂರು ಮಳೆ, ಐದು ಪೊಂಚೊ

ಮೊದಲೇ ಹೇಳಿಬಿಡುತ್ತೇನೆ. ಈ ಪೊಂಚೊಗೆ, ಅಂದರೆ ತಲೆಯ ಮೇಲಿಂದ ಹಾಕಿಕೊಳ್ಳುವ ಸಡಿಲ ಮಳೆಬಟ್ಟೆಗೆ, ನಾನು ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಉಳಿದ ಒಂದು ನಕ್ಷತ್ರ ಮಳೆಯಲ್ಲಿ ಹೋದದ್ದಲ್ಲ, ಮಳೆ ನಿಂತ ಮೇಲೆ ಹೋದದ್ದು. ಆ ಕಥೆ ಕೊನೆಗೆ.

ನಾವು ಐದು ಜನ. ನಾನು, ನಮ್ಮವರು, ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು, ಜೊತೆಗೆ ಅತ್ತೆ. ಬೇಸಿಗೆ ರಜೆಯಲ್ಲಿ ಮೂರು ದಿನ ಥೀಮ್ ಪಾರ್ಕ್ ಅಂತ ಎರಡು ತಿಂಗಳ ಮುಂಚೆಯೇ ಟಿಕೆಟ್ ತೆಗೆದಿದ್ದೆವು. ಹೊರಡುವ ಹಿಂದಿನ ವಾರ ಫೋನಿನಲ್ಲಿ ಹವಾಮಾನ ನೋಡಿದರೆ ಮೂರೂ ದಿನಕ್ಕೆ ಒಂದೇ ಚಿತ್ರ: ಕಪ್ಪು ಮೋಡ, ಅದರ ಕೆಳಗೆ ಹಳದಿ ಮಿಂಚು. ಇವರು ಆಗಲೇ ಟಿಕೆಟ್ ರದ್ದು ಮಾಡುವ ಬಟನ್ ಹುಡುಕುತ್ತಿದ್ದರು. "ತಾಳ್ರೀ ಸ್ವಲ್ಪ" ಎಂದು ಫೋನ್ ಕಿತ್ತುಕೊಂಡು ಗಂಟೆ ಗಂಟೆಯ ಲೆಕ್ಕ ತೆಗೆದೆ. ಬೆಳಗ್ಗೆ ಚೆನ್ನಾಗಿ ಬಿಸಿಲು. ಎರಡು ಗಂಟೆ ಮೇಲೆ ಮಳೆ. ಐದೂವರೆ ಹೊತ್ತಿಗೆ ಮತ್ತೆ ಬಿಸಿಲು. ಇಡೀ ದಿನಕ್ಕೆ ಒಂದೇ ಚಿತ್ರ ಹಾಕಬೇಕಲ್ಲ, ಅದಕ್ಕೆ ಮಿಂಚನ್ನೇ ಹಾಕಿರುತ್ತಾರೆ.

ಬೇಸಿಗೆ ಮಳೆಯ ಬುದ್ಧಿಯೇ ಹಾಗೆ. ಬೆಳಗಿನಿಂದ ನೆಲ ಕಾಯುತ್ತದೆ. ತೇವ ತುಂಬಿದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅಲ್ಲಿ ತಣ್ಣಗಾಗಿ ಮೋಡ ಕಟ್ಟುತ್ತದೆ, ಮಧ್ಯಾಹ್ನ ಒಮ್ಮೆಲೇ ಕವುಚಿಕೊಳ್ಳುತ್ತದೆ. ಹೀಗೆ ಹುಟ್ಟಿದ ಒಂದೊಂದು ಮೋಡದ ಅಬ್ಬರ ಸಾಮಾನ್ಯವಾಗಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅಷ್ಟಕ್ಕೆ ಇಡೀ ದಿನ ಹಾಳಾಗುವುದಿಲ್ಲ. ಹಾಳಾಗುವುದು ನಾವು ತೊಪ್ಪೆಯಾಗಿ, ಮಕ್ಕಳಿಗೆ ಚಳಿ ಹಿಡಿದು, ಯಾರೋ ಒಬ್ಬರು "ಸಾಕು, ನಡೀರಿ ರೂಮಿಗೆ" ಅಂದಾಗ. ಹಾಗಾಗಿ ನನಗೆ ಬೇಕಿದ್ದದ್ದು ಒಂದು ಹನಿಯೂ ತಾಗದಂಥ ಬಟ್ಟೆಯಲ್ಲ. ಆ ಒಂದು ಗಂಟೆ ದಾಟಿಸಿ, ಆಮೇಲೂ ಪಾರ್ಕಿನಲ್ಲೇ ಉಳಿಯುವಂತೆ ಮಾಡುವ ಬಟ್ಟೆ.

ಕೊಡೆ ಬೇಡ ಅಂತ ಮೊದಲ ದಿನವೇ ಗೊತ್ತಾಯಿತು. ಇವರು ಹಟ ಮಾಡಿ ಒಂದು ತಂದಿದ್ದರು. ಕ್ಯೂನಲ್ಲಿ ಬಿಚ್ಚಿದರೆ ಅದರ ಕಡ್ಡಿ ಸರಿಯಾಗಿ ಪಕ್ಕದವರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅದರ ಅಂಚಿನಿಂದ ಸುರಿಯುವ ನೀರು ನೇರ ಮಗಳ ತಲೆಗೆ. ಗಾಳಿ ಬೀಸಿದರೆ ತಿರುವುಮುರುವು. ರೈಡ್ ಹತ್ತುವಾಗ ಎಲ್ಲಿ ಇಡುವುದು? ಗಾಡಿ ತಳ್ಳುವಾಗ ಯಾವ ಕೈಯಲ್ಲಿ ಹಿಡಿಯುವುದು? ಎರಡನೇ ದಿನ ಅದು ರೂಮಿನಲ್ಲೇ ಉಳಿಯಿತು, ಯಾರೂ ಅದರ ಮಾತೆತ್ತಲಿಲ್ಲ.

ಪೊಂಚೊಗಳಲ್ಲಿ ನಾನು ಹಿಂದೆ ಬಳಸಿದ್ದು ಒಮ್ಮೆ ಹಾಕಿ ಬಿಸಾಡುವ ತೆಳ್ಳನೆಯ ಪ್ಲಾಸ್ಟಿಕ್‌ನವು. ಬಿಚ್ಚುವಾಗಲೇ ಕಂಕುಳಲ್ಲಿ ಹರಿಯುತ್ತವೆ. ಗಾಳಿಗೆ ಮೈಗೆ ಅಂಟಿಕೊಂಡು ಪಟಪಟ ಅನ್ನುತ್ತವೆ. ಸಂಜೆ ಹೊತ್ತಿಗೆ ಪಾರ್ಕಿನ ಕಸದ ಡಬ್ಬಗಳೆಲ್ಲ ಅವುಗಳಿಂದಲೇ ತುಂಬಿರುತ್ತವೆ, ನೋಡಿದರೆ ಬೇಜಾರಾಗುತ್ತದೆ. ಈ ಸಲ ತೆಗೆದುಕೊಂಡದ್ದು ಬಟ್ಟೆಯದು. ಪಾಲಿಯೆಸ್ಟರ್, ಒಳಗಡೆ ನೀರು ತಡೆಯುವ ಪಾಲಿಯುರೆಥೇನ್ ಲೇಪ. ಬಟ್ಟೆಯ ಮೇಲೆ ಸಣ್ಣ ಸಣ್ಣ ಚೌಕದ ಗೆರೆಗಳಿವೆ. ಅಲ್ಲಿ ದಪ್ಪ ನೂಲು ಹಾಕಿ ನೇಯ್ದಿರುತ್ತಾರೆ, ಒಂದು ಕಡೆ ತೂತಾದರೂ ಉದ್ದಕ್ಕೆ ಹರಿದುಕೊಂಡು ಹೋಗದಿರಲಿ ಅಂತ. ಇದರ ಒಂದರ ದುಡ್ಡಿಗೆ ತೆಳ್ಳನೆಯವು ಏಳೆಂಟು ಬರುತ್ತವೆ. ಈ ಮೂರು ಮಳೆಗೇ ದುಡ್ಡು ಹುಟ್ಟುವುದಿಲ್ಲ, ಆದರೆ ಇನ್ನೂ ನಾಲ್ಕೈದು ಮಳೆ ಕಂಡರೆ ಹುಟ್ಟುತ್ತದೆ. ಲೆಕ್ಕ ನೀವೇ ಹಾಕಿ.

ಅದರ ಚೀಟಿಯಲ್ಲಿ "3000 ಮಿ.ಮೀ." ಎಂದು ಬರೆದಿತ್ತು. ಮಳೆಯ ಪ್ರಮಾಣ ಇರಬೇಕು ಅಂದುಕೊಂಡಿದ್ದೆ, ಅಲ್ಲ. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರದ ನೀರಿನ ಭಾರವನ್ನು ಸೋರದೆ ತಡೆಯುತ್ತದೆ ಅನ್ನುವ ಲೆಕ್ಕ ಅದು. 3000 ಅಂದರೆ ಮೂರು ಮೀಟರ್. ಕೇಳಲು ಭರ್ಜರಿಯಾಗಿದೆ. ಆದರೆ ಒಂದು ವಿಷಯ ನೆನಪಿಡಿ: ನೀರು ಹೆಚ್ಚಾಗಿ ಒಳಗೆ ಬರುವುದು ಬಟ್ಟೆಯ ನಡುವಿನಿಂದ ಅಲ್ಲ, ಹೊಲಿಗೆಯಿಂದ. ಸೂಜಿ ಚುಚ್ಚಿದ ಪ್ರತಿ ತೂತೂ ಒಂದೊಂದು ಬಾಗಿಲು. ಒಳಗಡೆ ಹೊಲಿಗೆಯ ಉದ್ದಕ್ಕೂ ಟೇಪ್ ಅಂಟಿಸಿದ್ದಾರಾ ಅಂತ ತಿರುಗಿಸಿ ನೋಡಿ. ಇದರಲ್ಲಿ ಭುಜದ ಮೇಲೆ, ಟೊಪ್ಪಿಯ ಸುತ್ತ ಟೇಪ್ ಇದೆ. ಪಕ್ಕದ ಹೊಲಿಗೆಗಿಲ್ಲ. ಪಕ್ಕದಲ್ಲಿ ಇಲ್ಲದಿದ್ದರೂ ನಮಗೆ ತೊಂದರೆಯಾಗಲಿಲ್ಲ.

ಮೊದಲ ಮಳೆ ಬಂದದ್ದು ಎರಡೂ ಕಾಲಿಗೆ, ನಾವು ರೋಲರ್ ಕೋಸ್ಟರ್ ಕ್ಯೂನಲ್ಲಿ ಇದ್ದಾಗ. ಮೊದಲು ಬಿಸಿ ಕಾಂಕ್ರೀಟಿನ ಮೇಲೆ ದೊಡ್ಡ ದೊಡ್ಡ ಹನಿ ಬಿದ್ದು ಹಬೆ ಎದ್ದಿತು. ಎಲ್ಲರೂ ಆಕಾಶ ನೋಡಿದರು. ಎರಡೇ ನಿಮಿಷ, ಎದುರಿನ ಕಟ್ಟಡ ಕಾಣದ ಹಾಗೆ ಸುರಿಯತೊಡಗಿತು. ನಾನು ಬ್ಯಾಗಿನಿಂದ ಐದು ಸಣ್ಣ ಚೀಲ ತೆಗೆದು ಹಂಚಿದೆ. ಇಲ್ಲೊಂದು ತಪ್ಪಾಯಿತು. ಐದೂ ಒಂದೇ ಕಡು ನೀಲಿ ಬಣ್ಣ. ಇವರ ಪೊಂಚೊ ಮಗಳಿಗೆ, ಮಗಳದ್ದು ಅತ್ತೆಗೆ. ಅತ್ತೆ ಅದರೊಳಗೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡು, "ಏ, ಇದಕ್ಕೆ ಕಂಠವೇ ಇಲ್ಲ ಕಣೇ, ಎಲ್ಲಿಂದ ಬರಲಿ ಆಚೆ?" ಅಂತ ಒಳಗಿಂದಲೇ ಕೂಗಿದರು. ಕ್ಯೂನಲ್ಲಿದ್ದವರೆಲ್ಲ ನಕ್ಕರು. ಅವತ್ತು ರಾತ್ರಿಯೇ ಒಂದೊಂದು ಚೀಲಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿದೆ. ಬೇರೆ ಬೇರೆ ಬಣ್ಣ ಸಿಕ್ಕಿದರೆ ಬೇರೆ ಬೇರೆಯೇ ತೆಗೆದುಕೊಳ್ಳಿ. ಗುಂಪಿನಲ್ಲಿ ಎಲ್ಲರೂ ನೀಲಿ ಹಾಕಿಕೊಂಡಿದ್ದಾಗ ನಿಮ್ಮ ಮಗು ಯಾವುದು ಅಂತ ಹಿಂದಿನಿಂದ ಗುರುತು ಹಿಡಿಯುವುದು ಕಷ್ಟ.

ಟೊಪ್ಪಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇದರ ಟೊಪ್ಪಿಗೆ ಮುಂದೆ ಎರಡು ಬೆರಳು ಅಗಲದ ಗಟ್ಟಿ ಅಂಚಿದೆ. ಹಣೆಯ ಮೇಲೆ ಬಿದ್ದ ನೀರು ಕಣ್ಣಿಗೆ ಇಳಿಯುವುದಿಲ್ಲ, ಅಂಚಿನ ತುದಿಯಿಂದ ತೊಟ್ಟಿಕ್ಕುತ್ತದೆ. ಕನ್ನಡಕ ಹಾಕುವ ನನಗೆ ಇದು ದೊಡ್ಡ ವಿಷಯ. ಗಲ್ಲದ ಹತ್ತಿರ ದಾರವಿದೆ, ಎಳೆದರೆ ಟೊಪ್ಪಿ ಮುಖಕ್ಕೆ ಸರಿಯಾಗಿ ಕೂರುತ್ತದೆ, ತಲೆ ತಿರುಗಿಸಿದರೆ ಅದೂ ಜೊತೆಗೇ ತಿರುಗುತ್ತದೆ. ತೆಳ್ಳನೆಯ ಪ್ಲಾಸ್ಟಿಕ್‌ನಲ್ಲಿ ತಲೆ ಮಾತ್ರ ತಿರುಗುತ್ತದೆ, ಟೊಪ್ಪಿ ಇದ್ದಲ್ಲೇ ಇರುತ್ತದೆ, ನಮಗೆ ಕಾಣುವುದು ಬರೀ ಅದರ ಒಳಮೈ. ಬೆನ್ನಿನ ಕಡೆ ಬಟ್ಟೆ ಜಾಸ್ತಿ ಬಿಟ್ಟಿದ್ದಾರೆ, ಬ್ಯಾಗ್ ಹಾಕಿಕೊಂಡೇ ಮೇಲೆ ಪೊಂಚೊ ಹಾಕಬಹುದು. ಬ್ಯಾಗ್ ಒಳಗೇ ಇರಲಿ. ಪೊಂಚೊ ಮೇಲೆ ಬ್ಯಾಗ್ ಹಾಕಿದರೆ ಪಟ್ಟಿ ಒತ್ತಿದ ಕಡೆಯಲ್ಲೇ ನೀರು ಒಳಗೆ ನುಗ್ಗುತ್ತದೆ. ಆ ಮೂರು ಮೀಟರಿನ ಲೆಕ್ಕವೆಲ್ಲ ಒತ್ತಡದ ಲೆಕ್ಕವೇ ಅಲ್ವಾ.

ಪಕ್ಕದ ಟಿಚ್ ಬಟನ್‌ಗಳು ಮೂರು. ಮಗ ಮೂರನ್ನೂ ಹಾಕಿಕೊಂಡು ಒಳಗೆ ಬೆಂದುಹೋದ. ಕೆಳಗಿನ ಎರಡನ್ನು ಬಿಟ್ಟರೆ ಗಾಳಿ ಆಡುತ್ತದೆ. ನೀರು ತಡೆಯುವ ಬಟ್ಟೆ ಒಳಗಿನ ಬೆವರನ್ನೂ ತಡೆಯುತ್ತದೆ, ಇದು ಹಳೆಯ ರಗಳೆ. ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರ್ ಹಾಕಿ ಮಳೆಬಟ್ಟೆಗೆ ಪೇಟೆಂಟ್ ಪಡೆದ. ಅದನ್ನು ತೊಟ್ಟವರೂ ಒಳಗೆ ಬೆವೆತು ಒದ್ದೆಯಾದವರೇ. 200 ವರ್ಷವಾದರೂ ಬೇಸಿಗೆ ಮಳೆಯಲ್ಲಿ ನನ್ನ ಕೈಯ ಒಳಭಾಗ ಒದ್ದೆಯಾಗಿಯೇ ಇತ್ತು. ಸೋರುತ್ತಿದೆ ಅಂತ ಮೊದಲ ದಿನ ಬೈದುಕೊಂಡೆ. ಎರಡನೇ ದಿನ ಬಿಳಿ ಟಿಶ್ಯೂ ಒತ್ತಿ ನೋಡಿದೆ. ಹೊಲಿಗೆ ಒಣಗಿತ್ತು, ಒದ್ದೆಯಿದ್ದದ್ದು ಲೇಪದ ಮೈಯೆಲ್ಲ. ನನ್ನದೇ ಬೆವರು. ಪಾಪ, ಪೊಂಚೊದ ತಪ್ಪಿಲ್ಲ.

ರೈಡ್‌ಗಳಲ್ಲಿ ಹೇಗೆ? ಮೆಲ್ಲಗೆ ಹೋಗುವವುಗಳಲ್ಲಿ ಹಾಕಿಕೊಂಡೇ ಕೂತೆವು. ವೇಗದ ರೈಡ್‌ನಲ್ಲಿ ಟೊಪ್ಪಿ ತೆಗೆಯಿರಿ, ಸಡಿಲವಾಗಿ ಹಾರಾಡುವ ಬಟ್ಟೆಯನ್ನು ಕಾಲ ಕೆಳಗೆ ಸಿಕ್ಕಿಸಿಕೊಳ್ಳಿ ಎಂದು ಅಲ್ಲಿನ ಹುಡುಗಿ ಹೇಳಿದಳು. ಸರಿಯಾದ ಮಾತೇ. ಗಾಳಿಗೆ ಬಟ್ಟೆ ಮುಖದ ಮೇಲೆ ಬಂದರೆ, ಪಟ್ಟಿಗೆ ಸಿಕ್ಕಿಕೊಂಡರೆ ಕಷ್ಟ. ಒಂದು ಎಚ್ಚರಿಕೆ: ತುಂತುರು ಮಳೆಯಲ್ಲಿ ರೋಲರ್ ಕೋಸ್ಟರ್ ಓಡಿಸಿದರು ಅಂತ ಖುಷಿಯಿಂದ ಹತ್ತಿದ ನಮ್ಮವರು ಮುಖ ಕೆಂಪು ಮಾಡಿಕೊಂಡು ಇಳಿದರು. ಆ ವೇಗದಲ್ಲಿ ಮಳೆಹನಿ ಹನಿಯಲ್ಲ, ಸಣ್ಣ ಕಲ್ಲು.

ಎರಡನೇ ದಿನ ಪೊಂಚೊಗೆ ಹೆಚ್ಚು ಕೆಲಸವಿರಲಿಲ್ಲ ಅನ್ನಬೇಕು. ಅವತ್ತು ಸಮಸ್ಯೆ ನೀರಲ್ಲ, ಮಿಂಚು. ಹನಿ ಬೀಳುವ ಮೊದಲೇ ಹೊರಗಿನ ಎತ್ತರದ ರೈಡ್‌ಗಳೆಲ್ಲ ನಿಂತವು. ನೀರಾಟದ ಕೊಳದಿಂದ ಎಲ್ಲರನ್ನೂ ಆಚೆ ಕಳಿಸಿದರು. "ಮಳೆಯೇ ಇಲ್ಲ, ಯಾಕೆ ನಿಲ್ಲಿಸಿದ್ದೀರಿ?" ಎಂದು ಒಬ್ಬರು ಸಿಬ್ಬಂದಿಯ ಜೊತೆ ಜಗಳಕ್ಕೇ ನಿಂತರು. ಮಳೆ ಬೀಳುವ ಜಾಗದಿಂದ 15 ಕಿಲೋಮೀಟರ್ ದೂರದಲ್ಲೂ ಸಿಡಿಲು ಬಡಿಯಬಹುದು. ಗುಡುಗು ಕಿವಿಗೆ ಬಿತ್ತು ಅಂದರೆ ನಾವೂ ಅದರ ಕೈಗೆಟುಕುವಷ್ಟು ಹತ್ತಿರ ಇದ್ದೇವೆ ಎಂದೇ ಅರ್ಥ. ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಮಗನಿಗೆ ಮಾತ್ರ ಸಮಾಧಾನವಿಲ್ಲ. ಅವನನ್ನು ಕೂರಿಸಲು ನಾನೊಂದು ಆಟ ಕಲಿಸಿದೆ. ಮಿಂಚು ಕಂಡ ತಕ್ಷಣ ಎಣಿಸು, ಗುಡುಗು ಕೇಳುವವರೆಗೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಶಬ್ದ ಹೋಗುವ ವೇಗ ಅಷ್ಟೇ. ಅವನು ಗಾಜಿಗೆ ಮೂಗು ಒತ್ತಿ ಎಣಿಸಿದ. ಹನ್ನೆರಡು, ಅಂದರೆ ನಾಲ್ಕು ಕಿಲೋಮೀಟರ್. ಆಮೇಲೆ ಒಂಬತ್ತು. ಆಮೇಲೆ ನಾಲ್ಕು, ಆಗ ಅವನೇ ಬಂದು ನನ್ನ ಪಕ್ಕ ಕೂತ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಹೋಗಬಾರದು ಅನ್ನುವುದು ಎಲ್ಲೆಡೆ ಹೇಳುವ ಮಾತು. ತಮಾಷೆಯೆಂದರೆ ಮಧ್ಯೆ ಇನ್ನೊಂದು ಗುಡುಗು ಬಂದರೆ ಎಣಿಕೆ ಮತ್ತೆ ಸೊನ್ನೆಯಿಂದ. ನಮಗೆ 26ನೇ ನಿಮಿಷಕ್ಕೆ ದೂರದಲ್ಲಿ ಒಂದು ಗೊಗ್ಗರು ಧ್ವನಿಯ ಗುಡುಗು ಬಂತು. ಮಗ ಆಕಾಶದ ಕಡೆ ನೋಡಿದ ನೋಟ ನಾನು ಮರೆಯುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಪೊಂಚೊ ಇದೆಯಲ್ಲ ಅಂತ ಗುಡುಗಿನಲ್ಲಿ ಸುತ್ತಾಡಬೇಡಿ. ಮರದ ಕೆಳಗೆ, ದೀಪದ ಕಂಬದ ಪಕ್ಕ, ನಾಲ್ಕೂ ಕಡೆ ತೆರೆದ ಚಾವಣಿಯ ಕೆಳಗೆ ನಿಲ್ಲುವುದು ಮಳೆಗೆ ಸರಿ, ಸಿಡಿಲಿಗಲ್ಲ. ಗೋಡೆ, ಬಾಗಿಲು ಇರುವ ಕಟ್ಟಡಕ್ಕೇ ಹೋಗಿ. ಒಳಾಂಗಣದ ರೈಡ್‌ಗಳು, ನಾಟಕ, ಪ್ರದರ್ಶನಗಳು ಆಗಲೂ ನಡೆಯುತ್ತಿರುತ್ತವೆ. ನಾವು ಮಾಡಿದ ತಪ್ಪೆಂದರೆ ಅವನ್ನೆಲ್ಲ ಬೆಳಗಿನ ಬಿಸಿಲಿನಲ್ಲೇ ಮುಗಿಸಿಬಿಟ್ಟಿದ್ದೆವು. ಮೂರನೇ ದಿನ ತಿರುಗಿಸಿದೆವು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೊರಗಿನ ರೈಡ್‌ಗಳು, ಒಂದೂವರೆಗೆಲ್ಲ ಒಳಗಿನವುಗಳ ಕ್ಯೂಗೆ. ಮಳೆ ಶುರುವಾದ ಮೇಲೆ ಹೋದರೆ ಆಗುವುದಿಲ್ಲ, ಇಡೀ ಪಾರ್ಕೇ ಅಲ್ಲಿಗೆ ಬಂದಿರುತ್ತದೆ.

ಜೊತೆಗೆ ಕೊಂಡ ಬೇರೆ ಸಾಮಾನುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಫೋನಿಗೆ ಕೊರಳಲ್ಲಿ ನೇತುಹಾಕುವ ಪಾರದರ್ಶಕ ಚೀಲ. ಐಪಿಎಕ್ಸ್8 ಎಂದು ಬರೆದಿತ್ತು. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ತೊಂದರೆಯಾಗಬಾರದು, 8 ಅಂದರೆ ಅದಕ್ಕಿಂತ ಕಠಿಣ ಪರೀಕ್ಷೆ. ಬರೆದದ್ದನ್ನು ನಂಬುವ ಬದಲು ಒಳಗೆ ಒಂದು ಟಿಶ್ಯೂ ಇಟ್ಟು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿ ನೋಡಿ. ನಮ್ಮದು ಪಾಸಾಯಿತು. ಆದರೆ ಮಳೆಯಲ್ಲಿ ಫೋನ್ ಒಣಗಿದ್ದರೂ ಕೆಲಸ ಮಾಡುವುದಿಲ್ಲ. ಚೀಲದ ಮೇಲೆ ಹನಿ ನಿಂತರೆ ತೆರೆ ಅದನ್ನೂ ಬೆರಳು ಅಂದುಕೊಳ್ಳುತ್ತದೆ. ನನ್ನ ಫೋನ್ ತಾನಾಗಿಯೇ ಅತ್ತೆಯ ತಮ್ಮನಿಗೆ ವೀಡಿಯೋ ಕಾಲ್ ಮಾಡಿತು. ಫೋಟೋ ತೆಗೆಯಲು ಪಕ್ಕದ ಧ್ವನಿಯ ಗುಂಡಿ ಒತ್ತಿ, ತೆರೆ ಮುಟ್ಟಬೇಡಿ.

ಮಗಳ ತಳ್ಳುಗಾಡಿಗೆ ಪ್ಲಾಸ್ಟಿಕ್ ಹೊದಿಕೆ ತಂದಿದ್ದೆವು. ಮಳೆಗೆ ಬಹಳ ಒಳ್ಳೆಯದು, ಅದರೊಳಗೆ ಅವಳು ನಿದ್ದೆಯನ್ನೂ ಮಾಡಿದಳು. ಆದರೆ ಮಳೆ ನಿಂತು ಬಿಸಿಲು ಬಂದ ಕ್ಷಣ ಅದನ್ನು ತೆಗೆಯಬೇಕು. ನಾನು ಐದು ನಿಮಿಷ ತಡ ಮಾಡಿದೆ, ಕೈ ಹಾಕಿ ನೋಡಿದರೆ ಒಳಗೆ ಒಲೆಯ ಹಾಗೆ ಕಾದಿತ್ತು. ಪಕ್ಕದಲ್ಲಿ ಗಾಳಿಕಿಂಡಿ ಇಲ್ಲದ ಹೊದಿಕೆ ಕೊಳ್ಳಲೇಬೇಡಿ. ಗಾಡಿಯನ್ನು ಹೊರಗೆ ಬಿಟ್ಟು ರೈಡ್‌ಗೆ ಹೋಗುವಾಗಲೂ ಹೊದಿಸಿ ಹೋಗಿ, ಇಲ್ಲದಿದ್ದರೆ ವಾಪಸ್ ಬಂದಾಗ ಸೀಟಿನಲ್ಲಿ ಕೆರೆ ಇರುತ್ತದೆ.

ಇನ್ನು ಕಾಲು. ಪೊಂಚೊ ಎಷ್ಟೇ ಚೆನ್ನಾಗಿರಲಿ, ಮೊಣಕಾಲಿನ ಕೆಳಗೆ ಅದರ ಆಳ್ವಿಕೆ ಇಲ್ಲ. ಅಲ್ಲಿಂದ ಇಳಿದ ನೀರೆಲ್ಲ ನೇರ ಬೂಟಿನೊಳಗೆ. ಇವರು ಹತ್ತಿ ಕಾಲುಚೀಲ, ದಪ್ಪ ಬೂಟು. ಹತ್ತಿ ನೀರು ಹೀರಿದರೆ ಬಿಡುವುದಿಲ್ಲ, ನಡೆದಂತೆಲ್ಲ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಮೊದಲ ದಿನ ಸಂಜೆ ಹಿಮ್ಮಡಿಯಲ್ಲಿ ಎರಡು ಬೊಬ್ಬೆ, ಮಿಕ್ಕ ಎರಡು ದಿನ ಕುಂಟು. ಬೂಟಿನೊಳಗೆ ಕಾಗದ ತುರುಕಿ, ಗಂಟೆಗೊಮ್ಮೆ ಬದಲಿಸಿ, ಹೇರ್ ಡ್ರೈಯರ್ ಹಿಡಿದರೂ ಬೆಳಗ್ಗೆ ತಣ್ಣಗೇ ಇತ್ತು. ಮಕ್ಕಳು ತೂತು ತೂತಿನ ಕ್ರಾಕ್ಸ್ ಹಾಕಿದ್ದರು, ನೀರು ಬಂದ ದಾರಿಯಲ್ಲೇ ಹೋಯಿತು. ಅತ್ತೆಯದು ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್. ಐದೂ ಜನರಲ್ಲಿ ಒಂದು ದೂರನ್ನೂ ಹೇಳದವರು ಅವರೊಬ್ಬರೇ. ಅವರ ಚೀಲದಲ್ಲಿ ಎಲ್ಲರಿಗೂ ಒಂದೊಂದು ಜೊತೆ ಒಣ ಕಾಲುಚೀಲ ಗಾಳಿಯಾಡದ ಜಿಪ್ ಕವರಿನಲ್ಲಿತ್ತು ಅನ್ನುವುದು ನಮಗೆ ಗೊತ್ತಾದದ್ದು ಮೂರನೇ ದಿನ. "ಕೇಳಿದ್ದರೆ ಕೊಡುತ್ತಿದ್ದೆನಪ್ಪ" ಅಂದರು ಮಗನಿಗೆ.

ಮೂರನೇ ದಿನದ ಸಂಜೆಗೋಸ್ಕರವೇ ಈ ನಾಲ್ಕು ನಕ್ಷತ್ರ. ನಾಲ್ಕು ಗಂಟೆಗೆ ಮಳೆ ಜೋರಾದಾಗ ಜನ ಗೇಟಿನ ಕಡೆ ಹೊರಟರು. ಒದ್ದೆ ಮಕ್ಕಳು, ಟವೆಲ್ಲು ಹೊದ್ದ ಅಮ್ಮಂದಿರು, ಹರಿದ ಪ್ಲಾಸ್ಟಿಕ್. ನಾವು ಪ್ರದರ್ಶನದ ಹಾಲ್‌ನಲ್ಲಿ ಕೂತೆವು. ಐದಕ್ಕೆ ಮಳೆ ನಿಂತಿತು. ಐದೂ ಮುಕ್ಕಾಲಿಗೆ ರೋಲರ್ ಕೋಸ್ಟರಿನ ಖಾಲಿ ಗಾಡಿ ಸದ್ದು ಮಾಡುತ್ತಾ ಒಂದು ಸುತ್ತು ಹೋಗಿ ಬಂತು. ಜನರನ್ನು ಹತ್ತಿಸುವ ಮೊದಲು ಹೀಗೆ ಖಾಲಿ ಓಡಿಸಿ ಪರೀಕ್ಷಿಸುತ್ತಾರೆ. ಅದನ್ನು ಕಂಡರೆ ಓಡಿ, ಕ್ಯೂ ಹುಟ್ಟುವ ಮೊದಲೇ ತಲುಪುತ್ತೀರಿ. ಬೆಳಗ್ಗೆ 80 ನಿಮಿಷ ಕಾಯಿಸಿದ್ದ ರೈಡ್‌ಗೆ ಮಗ ಸಾಲಾಗಿ ನಾಲ್ಕು ಸಲ ಹೋದ. ನಾಲ್ಕನೇ ಸಲ ಅತ್ತೆಯೂ ಹೋದರು. ಇಳಿದ ಮೇಲೆ ಟೊಪ್ಪಿ ಸರಿಮಾಡಿಕೊಳ್ಳುತ್ತಾ, "ಏನಿಲ್ಲ, ಸ್ವಲ್ಪ ಜೋರಾಗಿ ಹೋಗುತ್ತೆ ಅಷ್ಟೆ" ಅಂದರು.

ಈಗ ಹೋದ ನಕ್ಷತ್ರದ ಕಥೆ. ಈ ಪೊಂಚೊ ಅಂಗೈ ಅಗಲದ ಚೀಲದಲ್ಲಿ ಬರುತ್ತದೆ. ಆದರೆ ಒಮ್ಮೆ ಆಚೆ ತೆಗೆದರೆ ಮತ್ತೆ ಅದರೊಳಗೆ ಹೋಗುವುದಿಲ್ಲ. ನಾನು ನಾಲ್ಕು ಮಡಿಕೆ ಮಾಡಿದೆ, ಎಂಟು ಮಾಡಿದೆ, ಮೊಣಕಾಲು ಇಟ್ಟು ಒತ್ತಿದೆ. ಒಳಗೆ ಗಾಳಿ ಸಿಕ್ಕಿಕೊಂಡು ದಿಂಬಿನ ಹಾಗೆ ಉಬ್ಬುತ್ತದೆ. ನೀರು ಬಿಡದ ಬಟ್ಟೆ ಗಾಳಿಯನ್ನೂ ಬಿಡುವುದಿಲ್ಲ ಅಲ್ವಾ. ಮೇಲಾಗಿ ಒದ್ದೆಯದನ್ನು ಹಾಗೇ ತುರುಕಿಟ್ಟರೆ ವಾಸನೆ ಹಿಡಿಯುತ್ತದೆ, ಬಹಳ ದಿನ ಹಾಗೇ ಬಿಟ್ಟರೆ ಒಳಗಿನ ಲೇಪವೂ ಕಿತ್ತು ಬರುತ್ತದೆ. ಕೊನೆಯ ರಾತ್ರಿ ಐದನ್ನೂ ಬಾತ್‌ರೂಮಿನಲ್ಲಿ ನೇತುಹಾಕಿ ಒಣಗಿಸಿ, ನಾನೂ ನಮ್ಮವರೂ ಮಂಚದ ಮೇಲೆ ಅರ್ಧ ಗಂಟೆ ಕುಸ್ತಿ ಮಾಡಿದೆವು. ಒಳಗೆ ಹೋದದ್ದು ಎರಡು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬಂದು ಒಂದನ್ನು ಹಾಸಿಗೆಯ ಮೇಲೆ ಹರಡಿ, ಉದ್ದಕ್ಕೆ ಮೂರು ಮಡಿಕೆ ಮಾಡಿ, ಟೊಪ್ಪಿಯ ಕಡೆಯಿಂದ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತುತ್ತಾ ಬಂದರು. ಗಾಳಿ ಬುಸ್ ಅಂತ ಕೆಳಗಿನ ತುದಿಯಿಂದ ಹೋಯಿತು. ಚೀಲದೊಳಗೆ ಜಾರಿಸಿ ದಾರ ಎಳೆದು ನನ್ನ ಕೈಗೆ ಕೊಟ್ಟರು. ಉಳಿದ ಎರಡನ್ನೂ ಅವರೇ ಮಾಡಿದರು, ನನಗೆ ಮುಟ್ಟಲು ಬಿಡಲಿಲ್ಲ. ಚೀಲ ಇನ್ನೆರಡು ಬೆರಳು ದೊಡ್ಡದಾಗಿ ಹೊಲಿದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.